ತೊಗಲಿಲ್ಲದ ಮಷೀನು

ಹಗ್ಗ ಎಳೆದರೆ ಮಷೀನು ಎರಡು ಸಲ ಕೆಮ್ಮುತ್ತಿತ್ತು, ಇನ್ನೇನು ಹತ್ತಿಕೊಂಡಿತು ಅನ್ನುವಷ್ಟರಲ್ಲಿ ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಹತ್ತುವುದೇ ಇಲ್ಲವೆಂದಿದ್ದರೆ ದತ್ತಾತ್ರೇಯನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸತ್ತದ್ದು ಸತ್ತಿತು ಎಂದು ಜುಮ್ಮೆರಾತ್ ಬಜಾರಿಗೆ ಹೊತ್ತುಕೊಂಡು ಹೋಗಿ, ಇದನ್ನು ತನ್ನ ಕೊರಳಿಗೆ ಕಟ್ಟಿದ ಗುಜರಿಯವನ ಮುಂದೆಯೇ ಕುಕ್ಕಿ ಬರುತ್ತಿದ್ದ. ಇದು ಹಾಗಲ್ಲ. ಇದು ಆಸೆ ತೋರಿಸಿ ಕೈ ಕೊಡುವ ಜಾತಿ. ಬೆಳಗಿನಿಂದ ನಾರಾಯಣಗೂಡದ ಈ ಬಾಡಿಗೆ ಮನೆಯ ಹಿತ್ತಲಿನಲ್ಲಿ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತು ಎಳೆದದ್ದೇ ಎಳೆದದ್ದು. ಬಲಗೈ ರಟ್ಟೆ ತನ್ನದಲ್ಲ ಅನ್ನಿಸತೊಡಗಿತ್ತು. ನೀರು ತುಂಬಿದ ಕಬ್ಬಿಣದ ಡ್ರಮ್ಮು, ಡ್ರಮ್ಮಿನ ಬಾಯಿಗೆ ಅಡ್ಡ ಬಿಗಿದ ಹಲಗೆ, ಹಲಗೆಗೆ ಕಚ್ಚಿಕೊಂಡು ತೂಗುತ್ತಿರುವ ಮಷೀನು. ದೋಣಿಯ ಬೆನ್ನಿಗೆ ಕಟ್ಟುವ ಸಣ್ಣ ಮಷೀನು ಅದು. ಮೇಲೆ ಎಂಜಿನ್ನಿನ ತಲೆ, ಕೆಳಗೆ ಒಂಟಿ ಕಾಲು, ಕಾಲಿನ ತುದಿಯಲ್ಲಿ ಪಂಖ. ಪಂಖ ನೀರಿನಲ್ಲಿ ಮುಳುಗಿಯೇ ತಿರುಗಬೇಕು, ಒಣಗಾಳಿಯಲ್ಲಿ ತಿರುಗಿಸಿದರೆ ಒಳಗಿನದೆಲ್ಲ ಸುಟ್ಟು ಕರಕಾಗುತ್ತದೆ. ಹೊಳೆಗೆ ಒಯ್ಯುವ ಮೊದಲು ಮನೆಯಲ್ಲೇ ಹೊಳೆ ಮಾಡಬೇಕು. ದಿನ ಬಿಟ್ಟು ದಿನ ನಳ ಬರುವ ಊರಿನಲ್ಲಿ ಒಂದು ಡ್ರಮ್ಮು ನೀರು ಇದಕ್ಕೆ ಅಂದರೆ ಹೆಂಡತಿಯ ಮುಖ ನೋಡುವ ಧೈರ್ಯವೂ ಬೇಕಾಗುತ್ತದೆ.

ಮನೆಯ ಮಾಲೀಕರು ಮೇಲಿನ ಬಾಲ್ಕನಿಯಿಂದ ಬಗ್ಗಿ, 'ಏಮಂಡಿ ದತ್ತಾತ್ರೇಯಗಾರು, ಹುಸೇನ್ ಸಾಗರ್ ಮನ ಇಂಟಿಕೇ ವಚ್ಚೇಸಿಂದಾ?' ಎಂದು ಕೇಳಿದರು. ಹುಸೇನ್ ಸಾಗರವೇ ನಮ್ಮ ಮನೆಗೆ ಬಂದುಬಿಟ್ಟಿತೇ ಎಂದು. ನಕ್ಕು ಕೇಳಿದ್ದು ನಿಜ, ಆದರೆ ಕೈಯಲ್ಲಿ ಮೂಗಿಗೆ ಹಿಡಿದ ಪಂಚೆಯ ತುದಿಯಿತ್ತು. 'ಅಯಿಪೋಯಿಂದಂಡಿ, ಅಯಿಪೋಯಿಂದಿ,' ಮುಗಿದೇಹೋಯಿತು ಎಂದು ದತ್ತಾತ್ರೇಯ ಹಲ್ಲು ಕಿರಿದ. ಏನು ಮುಗಿದದ್ದು? ಮುಗಿದದ್ದು ತನ್ನ ತೋಳು. ಬಾಡಿಗೆಯವನ ನಗೆ ಎಂಬುದೊಂದು ಇದೆ, ಅದು ಇಪ್ಪತ್ತು ವರ್ಷದಲ್ಲಿ ಅವನ ಮುಖಕ್ಕೆ ಸರಿಯಾಗಿ ಕೂತುಬಿಟ್ಟಿದೆ. ಮಾಲೀಕರು ಒಳಗೆ ಹೋದ ಮೇಲೂ ಅದು ಒಂದಿಷ್ಟು ಹೊತ್ತು ಮುಖದ ಮೇಲೆಯೇ ಇತ್ತು, ಅದು ಗೊತ್ತಾಗಿ ಅವನಿಗೆ ತನ್ನ ಮೇಲೇ ರೇಗಿತು.

ಪ್ಲಗ್ಗು ಬಿಚ್ಚಿ ನೋಡಿದ. ಕಿಡಿ ನೀಲಿಯಾಗಿ, ಚಟ್ಟೆಂದು ಹಾರುತ್ತಿತ್ತು. ಹಾರದೆ ಏನು, ಹಳೆಯ ಕಾಯಿಲನ್ನು ಕಿತ್ತು ಒಗೆದು ಸ್ಕೂಟರಿನ ಹೊಸ ಕಾಯಿಲು ಕೂರಿಸಿದ್ದಾನೆ. ಕಾರ್ಬ್ಯುರೇಟರಿನ ಕಿಂಡಿಗಳನ್ನು ಸೂಜಿಯಲ್ಲಿ ಕೆದಕಿ, ಊದಿ, ಬಿಸಿಲಿಗೆ ಹಿಡಿದು ನೋಡಿದ್ದಾನೆ. ಬಜಾರಿನಿಂದ ತಂದಾಗ ಪಿಸ್ಟನ್ನು ತುಕ್ಕಿನಲ್ಲಿ ಹೂತು ಅಲುಗಾಡುತ್ತಿರಲಿಲ್ಲ. ದಿನವೂ ಸೀಮೆಎಣ್ಣೆ ಕುಡಿಸಿ, ಮರದ ಸುತ್ತಿಗೆಯಲ್ಲಿ ತಟ್ಟಿ, ಓಲೈಸಿ ಬಿಡಿಸಿದ. ರಾಣಿಗಂಜಿನ ಅಂಗಡಿ ಅಂಗಡಿಗೆ ಅಲೆದು ಅಳತೆಗೆ ಹತ್ತಿರದ ರಿಂಗು ತಂದು ಅರದಿಂದ ಉಜ್ಜಿ ಕೂರಿಸಿದ. ಅಲ್ಲಿಯ ಅಂಗಡಿಯವನೊಬ್ಬ, 'ಕ್ಯಾ ಸಾಬ್, ಕಿಶ್ತಿ ಕಹಾಂ ಹೈ ಆಪ್‌ಕೀ?' ಎಂದು ಕೇಳಿದ್ದಕ್ಕೆ ಏನು ಹೇಳಬೇಕು? ದೋಣಿ ನನ್ನದಲ್ಲ, ಹೊಳೆಯೂ ಇಲ್ಲಿ ಇಲ್ಲ, ನನ್ನ ಮುದುಕಿ ತಾಯಿಯನ್ನು ದೇವರಿಗೆ ಕರೆದೊಯ್ಯಬೇಕು ಅಂತಲೇ? ಕೆಲಸಕ್ಕೆ ಬೇಕು ಎಂದಷ್ಟೇ ಹೇಳಿ ಬಂದಿದ್ದ. ಮಷೀನಿಗೆ ಹುಟ್ಟಿನಿಂದ ಬಂದ ಪೆಟ್ರೋಲಿನ ಡಬ್ಬಿ ತಲೆಯ ಮೇಲೇ ಇತ್ತು, ತಳ ತೂತಾಗಿತ್ತು. ಸರಿಯಿದ್ದರೂ ಅದರಲ್ಲಿ ಹಿಡಿಯುವ ಪೆಟ್ರೋಲು ಅರ್ಧ ಹೊಳೆಗೂ ಸಾಲದು. ಅದಕ್ಕೇ ಅವನು ದೊಡ್ಡದೊಂದು ಟ್ಯಾಂಕು ಮಾಡಿದ. ದೋಣಿಯ ತಳದಲ್ಲಿ ಇಡುವುದು. ತಳದಿಂದ ಪೆಟ್ರೋಲು ಮೇಲೇರಬೇಕಲ್ಲ, ಅದಕ್ಕೆ ಪಂಪ್ ಸ್ಟೋವಿನ ಪಂಪನ್ನು ಅದರ ಹೊಟ್ಟೆಗೆ ಬೆಸೆದ. ಕೈಯಿಂದ ಹತ್ತಾರು ಸಲ ಒತ್ತಿ ಗಾಳಿ ತುಂಬಿದರೆ ಆಯಿತು, ಸೀಮೆಎಣ್ಣೆ ಸ್ಟೋವಿಗೆ ಏರಿದ ಹಾಗೆ ಪೆಟ್ರೋಲು ತಾನಾಗಿ ಏರುತ್ತದೆ. ಈ ಯುಕ್ತಿ ಹೊಳೆದ ದಿನ ಬಾಲಾನಗರದ ಕಾರ್ಖಾನೆಯಿಂದ ಮನೆಯ ತನಕ ಬಸ್ಸಿನಲ್ಲಿ ನಿಂತೇ ಬಂದಿದ್ದ. ಸೀಟು ಸಿಕ್ಕರೂ ಕೂರಬೇಕು ಅನ್ನಿಸಿರಲಿಲ್ಲ.

ಆ ಪಂಪು ಕೂಡ ಮೊದಲು ಚೆನ್ನಾಗಿಯೇ ನಡೆದಿತ್ತು. ಪಡಸಾಲೆಯಲ್ಲಿ ಪೇಪರು ಹಾಸಿ ಕೂತು, ಪಂಪಿನ ಕಡ್ಡಿಯ ತುದಿಯ ಬಟ್ಟಲಿನಂಥ ವಾಶರಿಗೆ ಎಣ್ಣೆ ಹಚ್ಚುತ್ತಿದ್ದಾಗ ತಾಯಿ ತುಳಸಾಬಾಯಿ ಗೋಡೆ ಹಿಡಿದುಕೊಂಡು ಬಂದಳು. ಮಡಿಯಲ್ಲಿದ್ದಳು. ಮಾರು ದೂರದಲ್ಲೇ ನಿಂತಳು. 'ಅದೇನೋ ದತ್ತೂ?'

'ವಾಶರ್ ಅವ್ವಾ.'

'ಯಾತರದ್ದು?'

ರಬ್ಬರಿಂದು ಎಂದು ಅನ್ನಬಹುದಿತ್ತು, ಒಂದು ಸುಳ್ಳಿಗೆ ಗಂಟೇನು ಹೋಗುತ್ತಿತ್ತು. ಐವತ್ತಮೂರು ವರ್ಷದ ಗಂಡಸು, ತಾಯಿ ಎದುರು ನಿಂತು ಕೇಳಿದರೆ ಮಾತು ನಿಜವೇ ಬಂದುಬಿಡುತ್ತದೆ. 'ತೊಗಲಿಂದು,' ಅಂದ.

'ತೊಗಲಿಂದs! ಹರಗೋಲ ಬ್ಯಾಡ ಅಂತ ನಾ ಯಾಕ ಅಂದೆ ಮತ್ತ? ಎಮ್ಮಿ ತೊಗಲಿನ ಬುಟ್ಟ್ಯಾಗ ಕೂತು ದತ್ತನ ಪಾದಕ್ಕ ಹೋಗಬಾರದು ಅಂತಲ್ಲ? ಈಗ ನೀ ಮಷೀನದಾಗ ತೊಗಲ ಹಾಕಿ ಒಯ್ತಿ?'

'ಬೆರಳಿನಷ್ಟ ಅದ ಅವ್ವಾ. ಟ್ಯಾಂಕಿನ ಒಳಗ ಇರ್ತದ. ಯಾರಿಗೆ ಕಾಣ್ತದ?'

'ಬೆರಳಿನಷ್ಟಿದ್ರೂ ತೊಗಲು ತೊಗಲ. ಮನಿ ಇದ್ದಲಿ ಶೆಗಡಿ ಬಿಟ್ಟು ಆ ಭರ್ರ್ ಅನ್ನೋ ಸ್ಟೋವಿನ ಮ್ಯಾಲೆ ಇವತ್ತಿನ ತನಕ ನನ್ನ ಅನ್ನ ಬೆಂದಿಲ್ಲ. ಅದು ಯಾಕಂತ ತಿಳದೀ? ಅದರ ಪಂಪಿನಾಗೂ ತೊಗಲ ಅದ ಅಂತ.'

ವಾದ ಮಾಡಿ ಗೆದ್ದವರಾರು? ಬಿಚ್ಚಿದ. ಸೈಕಲ್ಲಿನ ಟ್ಯೂಬು ಕತ್ತರಿಸಿ, ದುಂಡಗೆ ಕೊರೆದು, ಒಂದರ ಮೇಲೊಂದು ಪೇರಿಸಿ ವಾಶರು ಮಾಡಿದ. ತಾಯಿಯನ್ನು ಕರೆದು ತೋರಿಸಿದ. ಅವಳು ಬಗ್ಗಿ ನೋಡಿ, 'ಹಾಂ' ಅಂದಳು. ಆದರೆ ಆ 'ಹಾಂ'ನಲ್ಲಿ ಸಂತೋಷವಿರಲಿಲ್ಲ. ಇನ್ನೂ ಏನೋ ಕೇಳಲು ಹುಡುಕುತ್ತಿರುವವಳ ಹಾಗೆ ಟ್ಯಾಂಕನ್ನು ಒಂದು ಸುತ್ತು ನೋಡಿ ಒಳಗೆ ಹೋಗಿದ್ದಳು.

ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ದತ್ತನ ಗುಡಿ. ಇವನು ತೊಟ್ಟಿಲಲ್ಲಿದ್ದಾಗ ಜ್ವರ ಬಂದು ಮೈ ನೀಲಿಗಟ್ಟಿತ್ತಂತೆ. ಕೂಸು ಉಳಿದರೆ ಮುಂಜಿವೆಗೆ ಮೊದಲು ನಿನ್ನ ಪಾದಕ್ಕೆ ತಂದು ಹಾಕುತ್ತೇನೆ, ನಿನ್ನ ಹೆಸರೇ ಇಡುತ್ತೇನೆ ಎಂದು ತುಳಸಾಬಾಯಿ ಹರಕೆ ಹೊತ್ತಳು. ಕೂಸು ಉಳಿಯಿತು, ಹೆಸರೂ ಬಂತು, ಹರಕೆ ಉಳಿಯಿತು. ಒಂದು ವರ್ಷ ಹೊಳೆ ತುಂಬಿತ್ತು, ಒಂದು ವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ, ಒಂದು ವರ್ಷ ಸೂತಕ, ಆಮೇಲೆ ರಜಾಕಾರರ ಗಲಾಟೆ. ಮುಂಜಿವೆ ಮುಗಿಯಿತು, ಮದುವೆಯೂ ಮುಗಿಯಿತು. ಈ ನಡುವೆ ಹರಕೆ ಒಂದು ಬೇರೆಯದೇ ಕೆಲಸಕ್ಕೆ ಹತ್ತಿತ್ತು. ಮ್ಯಾಟ್ರಿಕ್ಕಿನಲ್ಲಿ ಇವನು ಗಣಿತದಲ್ಲಿ ನಪಾಸಾದ. 'ಹರಕಿ ಹಂಗ ಉಳದದಲ್ಲ, ಅದಕ್ಕ,' ಅಂದಳು. ಕಾಲೇಜು ನಡುವೆ ಬಿಟ್ಟ. ಹರಕಿ. ಮಲಕಪೇಟೆಯಲ್ಲಿ ಜಾಗ ಕೊಳ್ಳುವುದು ಕೈ ತಪ್ಪಿತು. ಹರಕಿ. ಇವನ ಮೈಯೆಲ್ಲ ಉರಿಯುತ್ತಿತ್ತು ಆ ಮಾತು ಕೇಳಿದರೆ. ಬಂದ ನೆಂಟರು, ಮಠದಲ್ಲಿ ಸಿಕ್ಕವರು, ಹಾಲಿನವನು, ಎಲ್ಲರಿಗೂ ಗೊತ್ತು: ದತ್ತಾತ್ರೇಯನಿಗೆ ಏನೂ ಹತ್ತುವುದಿಲ್ಲ, ಯಾಕೆಂದರೆ ತಾಯಿಯದೊಂದು ಹರಕೆ ಬಾಕಿಯಿದೆ. ಒಂದು ಸಲ ಹೋಗಿ ತೀರಿಸಿಯೇ ಬಿಡೋಣ ನಡಿ ಎಂದು ಅವನು ಎಷ್ಟು ಸಲ ಹೊರಟಿಲ್ಲ? ಬೇಸಿಗೆಯಲ್ಲಿ ನೀರಿಳಿದಾಗ ಬಂಡೆಗಳ ಮೇಲೆ ನಡೆದು ದಾಟಬಹುದು ಅಂದರೆ ಮೊಣಕಾಲು. ಹೊಳೆ ತುಂಬಿದಾಗ ಹರಗೋಲಿನಲ್ಲಿ ಅಂದರೆ ತೊಗಲು. ಈಗ ತೊಗಲಿಲ್ಲ, ಪ್ಲಾಸ್ಟಿಕ್ ಹೊದಿಸುತ್ತಾರೆ ಎಂದು ಆ ಹೊಳೆ ಕಡೆಯವನೇ ಆದ ಕಾರ್ಖಾನೆಯ ಬಸವರಾಜ ಹೇಳಿದಾಗ, 'ಮದಲ ತೊಗಲಿತ್ತಲ್ಲಪಾ, ಬುಟ್ಟಿ ಅದs ಅಲ್ಲೇನು?' ಎಂದುಬಿಟ್ಟಳು. ಕಟ್ಟಿಗೆಯ ದೋಣಿ ಆದರೆ ಬರುತ್ತೇನೆ ಎಂದಳು. ಕಟ್ಟಿಗೆಯ ದೋಣಿ ಬಸವರಾಜನ ಊರಿನ ಬಂಡೆಪ್ಪನ ಹತ್ತಿರ ಇತ್ತು. ಆದರೆ ಅಷ್ಟು ಭಾರದ್ದನ್ನು ಆ ಸೆಳವಿನಲ್ಲಿ ಹುಟ್ಟು ಹಾಕಿ ದಾಟಿಸುವುದು ಆಗದ ಮಾತು, ಮಷೀನು ತಂದರೆ ನೋಡೋಣ ಎಂದು ಬಂಡೆಪ್ಪ ಹೇಳಿ ಕಳಿಸಿದ್ದ. ಆಗಲಿ, ಮಷೀನೇ ತರುತ್ತೇನೆ, ಮಷೀನಿನಲ್ಲೇ ಒಯ್ಯುತ್ತೇನೆ, ಆಮೇಲೆ ಈ ಮಾತು ಯಾರ ಬಾಯಲ್ಲಿ ಬರುತ್ತದೋ ನೋಡುತ್ತೇನೆ ಎಂಬ ಹಟ ಅವನಿಗೆ ಹುಟ್ಟಿದ್ದು ಹಾಗೆ. ಬರುವ ಗುರುವಾರ ದತ್ತನ ವಾರ, ಹೊಳೆಯೂ ಹದವಾಗಿದೆ. ಬಸವರಾಜ ಇವತ್ತು ರಾತ್ರಿಯ ಗಾಡಿಗೆ ರಾಯಚೂರಿಗೆ ಹೊರಡುತ್ತಾನೆ. ಸಂಜೆ ಬಂದು, ಬಂಡೆಪ್ಪನಿಗೆ ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ಕೇಳಿಕೊಂಡು ಹೋಗುತ್ತಾನೆ.

ಹೆಂಡತಿ ನಲಿನಿ ಚಹಾ ತಂದು ತುಳಸಿಕಟ್ಟೆಯ ಹತ್ತಿರ ಇಟ್ಟಳು. ಡ್ರಮ್ಮಿನೊಳಗೆ ಇಣುಕಿ, ಮೇಲೆ ಕಟ್ಟಿದ ಎಣ್ಣೆಯ ಪೊರೆಯನ್ನು ನೋಡಿದಳು. 'ಅಲ್ರೀ, ಈ ನೀರು ಪಾಯಖಾನಿಗೂ ಬರಂಗಿಲ್ಲ ನೋಡ್ರಿ. ನಾಳೆ ನಳ ಇಲ್ಲ.'

'ಗೊತ್ತದ.'

'ಗೊತ್ತದ ಅಂದ್ರ ಆತೇನು? ತೋಳಿಗೆ ಎಣ್ಣಿ ಹಚ್ಚಲಾ?'

'ಬ್ಯಾಡ ಬಿಡs. ಹೋಗ ಒಳಗ.'

ಹೋದಳು. ಎಷ್ಟು ಒರಟಾಗಿ ಅಂದೆ ಎಂದು ಚಹಾ ಕುಡಿಯುವಾಗ ಅನಿಸಿತು. ಅವಳ ಜೊತೆ ಮಾತ್ರ ಅವನಿಗೆ ದನಿ ಏರುತ್ತದೆ, ಬೇರೆ ಎಲ್ಲಿಯೂ ಏರುವುದಿಲ್ಲ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗದೆ ಇದ್ದಾಗ ಗುಲಬರ್ಗಿಯಿಂದ ಉಮಾಬಾಯಿ ಚಿಗವ್ವ ಬಂದು, ಪಡಸಾಲೆಯಲ್ಲೇ ಕೂತು, ಇನ್ನೊಂದು ಸಂಬಂಧದ ಮಾತು ತೆಗೆದಿದ್ದಳು. ನಲಿನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳ ನಿಂತಿತು. ಆಗ ಇವನು ಏನು ಮಾಡಿದ? ಪೇಪರು ಓದುತ್ತಿದ್ದವನು ಓದುತ್ತಲೇ ಇದ್ದ. ತುಳಸಾಬಾಯಿಯೇ ಎದ್ದು ನಿಂತು, 'ಆಕಿಗೆ ಏನೂ ಅನಬ್ಯಾಡ ಉಮಾ. ಆಕಿದೇನೂ ತಪ್ಪಿಲ್ಲ. ನಂದು ಹರಕಿ ಉಳದದ, ಬಾಯಿ ಮುಚ್ಚು,' ಅಂದಳು. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಉಮಾಬಾಯಿ ಆ ದಿನವೇ ಹೊರಟು ಹೋದಳು. ಅವನಿಗೆ ಆಗ ಅನಿಸಿದ್ದು ಇಷ್ಟೇ: ಸದ್ಯ, ನಾನು ಬಾಯಿ ಬಿಡಬೇಕಾಗಲಿಲ್ಲ.

ಕಪ್ಪು ಕೆಳಗಿಟ್ಟು ಪಂಪು ಒತ್ತಿದ. ಮೊದಲ ಎರಡು ಸಲ ಸಲೀಸಾಗಿ ಇಳಿದ ಕಡ್ಡಿ ಮೂರನೆಯದಕ್ಕೆ ಬಿಗಿಯಿತು. ಜೋರು ಮಾಡಿ ಒತ್ತಿದ. ಹಗ್ಗ ಸುತ್ತಿ ಎಳೆದ. ಮಷೀನು ಕೆಮ್ಮಿತು, ಹತ್ತಿತು, ಡ್ರಮ್ಮಿನ ನೀರು ಕುದಿದ ಹಾಗೆ ಮೇಲೆದ್ದಿತು, ಮತ್ತೆ ಅದೇ, ಸತ್ತಿತು. 'ಥೂ ನಿನ್ನ!' ಎಂದು ಡ್ರಮ್ಮಿಗೆ ಒದ್ದ. ಬರಿಗಾಲಿನ ಹೆಬ್ಬೆರಳಿಗೆ ಜೀವ ಹೋಗುವಷ್ಟು ನೋವಾಯಿತು. ಮೇಲಿನ ಬಾಲ್ಕನಿಯಲ್ಲಿ ಯಾರಾದರೂ ನೋಡಿದರೇ ಎಂದು ಮೊದಲು ಅತ್ತ ನೋಡಿ, ಆಮೇಲೆ ಬೆರಳು ನೋಡಿಕೊಂಡ.

ಫೋರ್‌ಮನ್ ಹುದ್ದೆಯ ಸಂದರ್ಶನದಲ್ಲೂ ಹೀಗೇ. ಕಾರ್ಖಾನೆಯಲ್ಲಿ ವಿಮಾನದ ಮೀಟರುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ, ಮುಳ್ಳು ಒಂದು ಕೂದಲೆಳೆ ಅಲುಗಿದರೂ ಯಾಕೆಂದು ಹೇಳುತ್ತಿದ್ದ. ಸಂದರ್ಶನದಲ್ಲಿ ಮೂವರು ಅಧಿಕಾರಿಗಳು ಸಾಲಾಗಿ ಕೂತು, ಅದೇ ಮುಳ್ಳಿನ ಬಗ್ಗೆಯೇ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅವರ ಮುಂದಿನ ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತಾ ಸುಮ್ಮನೆ ಕೂತುಬಿಟ್ಟ. ಫೋರ್‌ಮನ್ ಆದವನು ಬಸವರಾಜ. ಸ್ಕ್ರೂಡ್ರೈವರು ಹೇಗೆ ಹಿಡಿಯಬೇಕೆಂದು ಇವನೇ ಕಲಿಸಿದ ಬಸವರಾಜ. ಅವನೇನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಮೊದಲು 'ಸರ' ಅನ್ನುತ್ತಿದ್ದವನು ಫೋರ್‌ಮನ್ ಆದ ಮರುದಿನದಿಂದ 'ಅಣ್ಣಾರ' ಅನ್ನತೊಡಗಿದ, ಅದೂ ಬಹಳ ಪ್ರೀತಿಯಿಂದ. ಆ ಸಂಜೆ ಮನೆಗೆ ಬಂದು ಹೇಳಿದಾಗ ತಾಯಿ ಅಂದದ್ದು ಗೊತ್ತೇ ಇದೆ. 'ನಿಂದೇನೂ ತಪ್ಪಿಲ್ಲ, ಹರಕಿದು.' ಸಾಕು ಮಾಡು ಆ ಮಾತು ಎಂದು ತಟ್ಟೆ ಸರಿಸಿ ಎದ್ದಿದ್ದ. ಆದರೆ ಅವತ್ತು ಅವನಿಗೆ ಎಂದಿಲ್ಲದ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಮನಸ್ಸು ಹಗುರವಾಗಿತ್ತು. ಯಾಕೆ ಹಗುರವಾಗಿದೆ ಎಂದು ಕೇಳಿಕೊಳ್ಳಲು ಹೋಗಲಿಲ್ಲ.

ಪಂಪಿನ ಕಡ್ಡಿ ಬಿಗಿಯಿತಲ್ಲ, ಅದು ಯಾಕೆ ಬಿಗಿಯಬೇಕು? ಹೆಬ್ಬೆರಳು ಹಿಡಿದುಕೊಂಡು ಕೂತವನು ಟ್ಯಾಂಕನ್ನು ಹತ್ತಿರಕ್ಕೆ ಎಳೆದುಕೊಂಡ. ಪಂಪಿನ ತಿರುಪು ಬಿಚ್ಚಿ ಕಡ್ಡಿಯನ್ನು ಎಳೆದ. ಬರಲಿಲ್ಲ. ತಿರುವಿ, ಅಲುಗಿಸಿ, ಕಾಲಲ್ಲಿ ಟ್ಯಾಂಕು ಒತ್ತಿ ಹಿಡಿದು ಎಳೆದಾಗ ಪಚಕ್ಕೆಂದು ಬಂತು. ತುದಿಯ ರಬ್ಬರು ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿ, ಮೆತ್ತಗಾಗಿ, ಉಗುರು ತಾಗಿಸಿದರೆ ಕಿತ್ತು ಬರುತ್ತಿತ್ತು. ಗಾಳಿ ತುಂಬದೆ ಪೆಟ್ರೋಲು ಏರುವುದಾದರೂ ಹೇಗೆ? ಪೆಟ್ರೋಲಿನ ಹಬೆ ತಾಗಿದರೆ ಸೈಕಲ್ ಟ್ಯೂಬಿನ ರಬ್ಬರು ಉಬ್ಬುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಟ್ಯೂಬಿನ ತೂತಿಗೆ ತೇಪೆ ಹಾಕುವ ಅಂಗಡಿಯವನಿಗೂ ಗೊತ್ತಿರುವ ಸಂಗತಿ. ವಿಮಾನದ ಮೀಟರು ಬಿಚ್ಚುವವನಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿತ್ತು. ಬೆಳಗಿನಿಂದಲೂ ಗೊತ್ತಿತ್ತು. ಅದನ್ನೊಂದು ಬಿಟ್ಟು ಪ್ಲಗ್ಗು, ಕಾಯಿಲು, ಕಾರ್ಬ್ಯುರೇಟರು ಎಂದು ಊರೆಲ್ಲ ಹುಡುಕಿದ. ಇದು ಅಂತಾದರೆ ಮತ್ತೆ ತೊಗಲೇ ಹಾಕಬೇಕು. ತೊಗಲು ಹಾಕಿದರೆ ಅವಳಿಗೆ ಸುಳ್ಳು ಹೇಳಬೇಕು.

ಬಿಚ್ಚಿಟ್ಟಿದ್ದ ತೊಗಲಿನ ವಾಶರು ಸ್ನಾನದ ಮನೆಯ ಮಾಡದಲ್ಲಿ ಮೊಳೆ, ನಟ್ಟುಗಳ ಡಬ್ಬಿಯಲ್ಲಿತ್ತು. ತೆಗೆದುಕೊಂಡು ಬರುವಾಗ ದೇವರ ಕೋಣೆಯ ಬಾಗಿಲು ದಾಟಬೇಕು. ತುಳಸಾಬಾಯಿ ಗೋಡೆಗೊರಗಿ ಜಪ ಮಾಡುತ್ತ ಕೂತಿದ್ದಳು. ಕಣ್ಣು ಮುಚ್ಚಿತ್ತು. ಅವನು ಮುಷ್ಟಿ ಬಿಗಿ ಹಿಡಿದುಕೊಂಡು, ಪುಟಾಣಿ-ಬೆಲ್ಲ ಕದ್ದ ಹುಡುಗನ ಹಾಗೆ ಹೆಜ್ಜೆ ಸಪ್ಪಳವಾಗದಂತೆ ದಾಟಿದ. ನಾಚಿಕೆಯಾಯಿತು. ಆದರೆ ನಾಚಿಕೆಯ ಜೊತೆಗೇ ಒಂದು ಹುರುಪೂ ಬಂತು, ಅದನ್ನು ಅಲ್ಲಗಳೆಯುವಂತಿರಲಿಲ್ಲ. ಇಡೀ ಜನ್ಮದಲ್ಲಿ ಒಂದು ಸಲ, ಒಂದೇ ಒಂದು ಸಲ, ಮನೆಯವರ ಮಾತು ಮೀರಿ ನನಗೆ ಗೊತ್ತಿರುವುದನ್ನು ನಾನು ಮಾಡುತ್ತೇನೆ. ಏನಾಗುತ್ತದೆ? ದತ್ತ ಟ್ಯಾಂಕಿನೊಳಗೆ ಕೈ ಹಾಕಿ ನೋಡುತ್ತಾನೆಯೇ? ಅವನಾದರೂ ಕೂರುವುದು ಮೃಗಚರ್ಮದ ಮೇಲೆ ತಾನೇ!

ಎಣ್ಣೆ ಹಚ್ಚಿ ಕೂರಿಸಿದ. ಪಂಪು ಒತ್ತಿದರೆ ಗಾಳಿ ಗಟ್ಟಿಯಾಗಿ ಎದುರು ನಿಂತಿತು. ಪೆಟ್ರೋಲು ನಳಿಗೆಯಲ್ಲಿ ಏರುವುದು ಕಂಡಿತು. ಹಗ್ಗ ಸುತ್ತಿದ, ಕಾಲು ಊರಿದ, ಎಳೆದ. ಮಷೀನು ಕೆಮ್ಮಲಿಲ್ಲ. ಒಂದೇ ಏಟಿಗೆ ಹತ್ತಿತು. ಸಾಯುತ್ತದೆ, ಈಗ ಸಾಯುತ್ತದೆ ಎಂದು ಅವನು ಹಗ್ಗ ಹಿಡಿದೇ ನಿಂತಿದ್ದ. ಸಾಯಲಿಲ್ಲ. ಪೆಟ್ರೋಲಿನ ಕಿವಿ ತಿರುವಿದರೆ ದನಿ ಏರಿತು, ಇಳಿಸಿದರೆ ಇಳಿಯಿತು, ಹೇಳಿದ ಮಾತು ಕೇಳಿತು. ಡ್ರಮ್ಮಿನ ನೀರು ಸುಳಿಯೆದ್ದು ಅಂಚು ದಾಟಿ ಅವನ ಕಾಲ ಮೇಲೆ, ತುಳಸಿಕಟ್ಟೆಯ ಮೇಲೆ, ಒಣಹಾಕಿದ್ದ ನಲಿನಿಯ ಸೀರೆಯ ಮೇಲೆ ಸಿಡಿಯಿತು. ಹಿತ್ತಲ ತುಂಬ ನೀಲಿ ಹೊಗೆ. 'ಹತ್ತಿತಲೇ! ನಲಿನೀ, ಹತ್ತಿತು ನೋಡs!' ಎಂದು ಕೂಗಿದ. ತನ್ನ ಗಂಟಲಿನಿಂದ ಇಂಥ ದನಿ ಹೊರಟೀತೆಂದು ಅವನಿಗೇ ಗೊತ್ತಿರಲಿಲ್ಲ. ನಲಿನಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸೀರೆಗೆ ಸಿಡಿದ ಎಣ್ಣೆ ನೀರನ್ನು ನೋಡಿದಳು, ಗಂಡನ ಮುಖ ನೋಡಿದಳು, ನಕ್ಕುಬಿಟ್ಟಳು. ಅವಳು ಬಾಯಿ ಮುಚ್ಚಿಕೊಳ್ಳದೆ ನಕ್ಕದ್ದನ್ನು ಅವನು ನೋಡಿ ಬಹಳ ವರ್ಷವಾಗಿತ್ತು. ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಕಣ್ಣು ತುಂಬಿ ಬಂದು, ಹೊಗೆಗೆ ಎಂದು ಒರೆಸಿಕೊಂಡ.

ತುಳಸಾಬಾಯಿ ಹಿತ್ತಲ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಯಾವಾಗ ಬಂದಳೋ. ಮಷೀನನ್ನೇ ನೋಡುತ್ತಿದ್ದಳು. ಕೈಯಾಡಿಸಿ, ಬಂದ್ ಮಾಡು ಎಂದು ಸನ್ನೆ ಮಾಡಿದಳು. ಅವನು ಬಂದ್ ಮಾಡಿದ. ನೀರು ಇನ್ನೂ ಒಂದೆರಡು ಸುತ್ತು ತಿರುಗಿ ನಿಂತಿತು.

'ಚೊಲೋ ಓಡ್ತದ,' ಅಂದಳು.

'ಗುರುವಾರ ಹೋಗೋಣು ಅವ್ವಾ. ಬಸವರಾಜ ಈಗ ಬರ್ತಾನ, ಹೇಳಿ ಕಳಸ್ತೀನಿ.' ಅವಳು ಕೇಳುವ ಮೊದಲೇ ಹೇಳಿಬಿಡಬೇಕು ಅನಿಸಿತು. 'ತೊಗಲು ಇಲ್ಲ ಇದರಾಗ.'

'ಇದ್ರ ಇರ್ಲಿ ಬಿಡೋ.'

ಅವನಿಗೆ ಅರ್ಥವಾಗಲಿಲ್ಲ. ತುಳಸಾಬಾಯಿ ಹೊಸ್ತಿಲ ಮೇಲೆ ನಿಧಾನ ಕೂತಳು. ಮಡಿ ಸೀರೆಯ ಅಂಚು ಒದ್ದೆ ನೆಲಕ್ಕೆ ತಾಗುತ್ತಿತ್ತು, ಎತ್ತಿಕೊಳ್ಳಲಿಲ್ಲ.

'ಒಂದು ಮಾತು ಕೇಳ್ತೀನಿ ದತ್ತೂ, ಸಿಟ್ಟಾಗಬ್ಯಾಡ. ಹೋದಿವಿ ಅಂತ ತಿಳಕೋ. ಹರಕಿ ತೀರಿಸಿ ಬಂದಿವಿ. ಬಂದ ಮ್ಯಾಲೂ ನೀ ಹಿಂಗ ಇದ್ದಿ ಅಂದ್ರ?'

'ಹಿಂಗ ಅಂದ್ರ?'

'ಹಿಂಗ ಅಂದ್ರ ಹಿಂಗ.' ಅವಳು ಅವನನ್ನು ನೋಡಲಿಲ್ಲ. 'ಇಷ್ಟು ವರ್ಷ ಎಲ್ಲಾರಿಗೂ ಹೇಳ್ಕೋತ ಬಂದೆ. ನನ್ನ ಮಗ ಶಾಣ್ಯಾ ಇದ್ದಾನ, ನಂದೇ ಒಂದು ಹರಕಿ ಅಡ್ಡ ಬಂದದ ಅಂತ. ಈಕಿ ಮ್ಯಾಲೆ ಯಾರೂ ಒಂದು ಮಾತು ಹಾಕದಂಗ ನೋಡಿಕೊಂಡೆ. ನಾಳೆ ಹರಕಿನೂ ತೀರಿತು ಅಂದ್ರ ಆಮ್ಯಾಲೆ ಏನ್ ಹೇಳ್ಲಿ ಮಂದಿಗೆ? ಯಾರ ಮ್ಯಾಲೆ ಹಾಕ್ಲಿ? ಈಕಿ ಮ್ಯಾಲೆ ಹಾಕ್ಲ್ಯಾ? ನಿನ್ನ ಮ್ಯಾಲೆ ಹಾಕ್ಲ್ಯಾ? ನನ್ನ ಬಾಯಾಗ ಅದು ಬರೂದಿಲ್ಲೋ. ಸಾಯೋ ಹೊತ್ತಿನ್ಯಾಗ ನಿನ್ನ ಮ್ಯಾಲೆ ಹಾಕಿ ಹೋಗ್ಲ್ಯಾ?'

ಮೊಣಕಾಲಾಗಲಿ ತೊಗಲಾಗಲಿ ಯಾವುದೂ ನಿಜವಾದ ಅಡ್ಡಿಯಲ್ಲ ಎಂಬುದು ಅವನಿಗೆ ತಿಳಿಯಿತು, ತಿಳಿದು ಆಶ್ಚರ್ಯವಾಗಲಿಲ್ಲ. ಕೂಗಬೇಕು ಅನ್ನಿಸಿತು. ನಾನು ಹೀಗೆ ಎಂದರೆ ಹೇಗೆ, ಏನು ಕಡಿಮೆಯಾಗಿದೆ ನನಗೆ, ಕಣ್ಣೆದುರಿಗೇ ಓಡಲಿಲ್ಲವೇ ಮಷೀನು, ಎಂದು ಆ ಮುದುಕಿಯ ಭುಜ ಹಿಡಿದು ಅಲುಗಿಸಬೇಕು ಅನ್ನಿಸಿತು. ಸಿಟ್ಟು ಎದೆಯ ತನಕ ಬಂದು ಅಲ್ಲೇ ನಿಂತಿತು. ಯಾಕೆಂದರೆ ಅವಳು ಹೇಳಿದ ಭಯ ಅವನದೂ ಆಗಿತ್ತು. ಗುರುವಾರ ಕಳೆದು ಶುಕ್ರವಾರ ಬೆಳಿಗ್ಗೆ ಎದ್ದು, ಅದೇ ಬಾಲಾನಗರದ ಬಸ್ಸಿಗೆ ನಿಂತರೆ, ಇನ್ನು ಮುಂದೆ ಆಗದೆ ಹೋದದ್ದಕ್ಕೆಲ್ಲ ತಾನೊಬ್ಬನೇ ಕಾರಣ. ನಲಿನಿಯ ಕಡೆ ನೋಡಿದ. ಅವಳು ಸೀರೆಗೆ ಸಿಡಿದ ಕಲೆಯನ್ನು ಬೆರಳಿನಿಂದ ಉಜ್ಜುತ್ತ ನಿಂತಿದ್ದಳು. ತಲೆ ಎತ್ತಲಿಲ್ಲ.

'ಅದು ಆಗಲಿಲ್ಲ ಅಂತ ಹೇಳಿಬಿಡು ಬಸವರಾಜಗ,' ಎಂದು ತುಳಸಾಬಾಯಿ ಎದ್ದಳು. ಚೌಕಟ್ಟು ಹಿಡಿದು ಒಳಗೆ ಹೋದಳು.

ಬಸವರಾಜ ಬಂದಾಗ ಬಿಸಿಲು ಗೋಡೆ ಏರಿತ್ತು. ಹಿತ್ತಲಿಗೇ ನಡೆದು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊರಿಗೆ ಒಯ್ಯುವ ಮಿಠಾಯಿಯ ಡಬ್ಬ. 'ಏನ್ರಿ ಅಣ್ಣಾರ, ಆತೇನ್ರಿ? ಬಂಡೆಪ್ಪ ದಾರಿ ನೋಡಾಕತ್ತಾನ. ಹೂಂ ಅನ್ನಲೇನು?'

ದತ್ತಾತ್ರೇಯ ಮಷೀನಿಗೂ ಅವನಿಗೂ ನಡುವೆ ನಿಂತುಕೊಂಡ. ಬೆನ್ನಿಗೆ ಸಿಲಿಂಡರಿನ ಕಾವು ಇನ್ನೂ ಬಡಿಯುತ್ತಿತ್ತು.

'ಇಲ್ಲಪಾ. ಬ್ಯಾಡನ್ನು ಅವಗ.'

'ಯಾಕ್ರಿ? ವಾಸನಿ ಬರಾಕತ್ತೈತಿ, ಹತ್ತಿದಂಗ ಐತೆಲ್ರಿ?'

'ಹತ್ತತದ, ನಿಲ್ಲತದ.'

ಬಸವರಾಜನ ಮುಖದಲ್ಲಿ ನಿಜವಾದ ಮರುಕ ಬಂತು. ಮಿಠಾಯಿ ಡಬ್ಬವನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ದತ್ತಾತ್ರೇಯನ ನೋಯುವ ತೋಳಿನ ಮೇಲಿಟ್ಟ. 'ಹೋಗ್ಲಿ ಬಿಡ್ರಿ ಅಣ್ಣಾರ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಿಮ್ಮದೇನ್ ತಪ್ಪೈತ್ರಿ ಇದರಾಗ? ಅವ್ವಾರ ಹರಕಿ ಒಂದು ಉಳದೈತೆಲ್ಲ, ಅದಕ್ಕs...'

'ಹರಕಿ ಏನಿಲ್ಲೋ,' ಎಂದ ದತ್ತಾತ್ರೇಯ. ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದ. 'ನನ್ನ ಕೈಲೆ ಆಗಲಿಲ್ಲ.'